ಪಾಡ್ಯದ ದಿನ ಹಂಚಿದ ಗುಟ್ಟು

ನಮ್ಮ ಮನೆಯಲ್ಲಿ ಗುಟ್ಟಿಗೆ ಜಾಗವಿರಲಿಲ್ಲ. ಇದನ್ನು ದೂರೆಂದು ಬರೆಯುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ದಾಖಲಿಸುತ್ತಿದ್ದೇನೆ. ಮದುವೆಯಾಗಿ ಬ್ಯಾಡಗಿಗೆ ಬಂದ ದಿನ ಅತ್ತೆಯವರು ನನಗೆ ಮೊದಲು ತೋರಿಸಿದ್ದು ದೇವರ ಕೋಣೆಯ ಬಾಗಿಲ ಪಕ್ಕದ ಒಂದು ಮೊಳೆಯನ್ನು. ಮನೆಯ ಎಲ್ಲ ಕಪಾಟುಗಳ, ಎಲ್ಲ ಟ್ರಂಕುಗಳ ಕೀಲಿಕೈಗಳು ಆ ಒಂದೇ ಮೊಳೆಗೆ ತೂಗುತ್ತಿದ್ದವು. ಯಾರ ಟ್ರಂಕನ್ನು ಯಾರು ಬೇಕಾದರೂ ತೆಗೆಯಬಹುದಿತ್ತು. ಹಾಗೆಂದೇ ಯಾರೂ ತೆಗೆಯುತ್ತಿರಲಿಲ್ಲ. ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡ ಸೊಸೆ ನಾಳೆ ಒಲೆಯನ್ನೂ ಬೇರೆ ಹೂಡುತ್ತಾಳೆ ಎಂಬುದು ಆ ಮನೆಯ ನಂಬಿಕೆ. ಟ್ರಂಕಿನ ಮಟ್ಟಿಗೆ ಆ ನಂಬಿಕೆ ಸರಿಯಾಗಿಯೇ ಇತ್ತು.

ತೊಡಕು ಹುಟ್ಟಿದ್ದು ಮೊಳೆಯ ನ್ಯಾಯವನ್ನು ಪಾಸ್‌ವರ್ಡಿಗೂ ಅನ್ವಯಿಸಿದಾಗ. ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವನವರು, ಮನೆಗೂ ನಮ್ಮ ಮೆಣಸಿನಕಾಯಿ ದಲಾಲಿ ಅಂಗಡಿಗೂ ಯಜಮಾನರು. ದೀಪಾವಳಿಯ ಪಾಡ್ಯದ ದಿನ ಅಂಗಡಿಯಲ್ಲಿ ಪೂಜೆ ಮುಗಿದು ಆರತಿಯ ತಟ್ಟೆ ಕೆಳಗಿಟ್ಟ ಮೇಲೆ ಅವರು ಗಾದಿಯ ಮುಂದೆ ನಿಂತು, ಆ ವರ್ಷದ ಪಾಸ್‌ವರ್ಡನ್ನು ಎಲ್ಲರಿಗೂ ಕೇಳುವಂತೆ ಸಾರುತ್ತಿದ್ದರು. ಮೊದಲಿಗೆ ಮನೆದೇವರಾದ ಕದರಮಂಡಲಗಿಯ ಹನುಮಪ್ಪನ ಹೆಸರು, ಅದರ ಬೆನ್ನಿಗೆ ಇಸವಿ. ಕೇಳಲು ಮನೆಯ ಹನ್ನೊಂದು ಜನ, ಅಂಗಡಿಯ ಬರಹ ನೋಡುವ ದಿವಾನಜಿ, ಹಮಾಲರು, ಮೆಣಸಿನಕಾಯಿ ಶೆಡ್ಡಿನಲ್ಲಿ ದುಡಿಯುವ ಹೆಂಗಸರು, ಪೇಡೆಯ ಆಸೆಗೆ ನಿಂತ ಪಕ್ಕದ ಅಂಗಡಿಯವರು.

"ಕೇಳ್ರಪಾ ಎಲ್ಲಾರೂ, ಈ ವರ್ಷದ್ದು ಇದು. ಆಮ್ಯಾಲ ಗೊತ್ತಾಗಲಿಲ್ಲ ಅನಬ್ಯಾಡ್ರಿ."

"ಹೋದ ವರ್ಷದ್ದ ಚಲೋ ಇತ್ತಲ್ರಿ ಯಜಮಾನ್ರ, ಬಾಯಾಗ ಕುಂತಬಿಟ್ಟಿತ್ತು," ಎಂದು ಒಬ್ಬ ಹಮಾಲ ಒಮ್ಮೆ ಗೊಣಗಿದ್ದ.

"ಹಂಗ ಅನಬಾರ್ದಲೇ. ವರ್ಷಾ ವರ್ಷಾ ಬದಲಿ ಮಾಡಬೇಕು. ಪೇಪರಿನ್ಯಾಗ ಬರದಾರ."

ಅವರು ತಮ್ಮನ್ನು ಬಹಳ ಎಚ್ಚರದ ಮನುಷ್ಯರೆಂದೇ ತಿಳಿದಿದ್ದರು. ಅಂಗಡಿಯ ಕಂಪ್ಯೂಟರು, ಮನೆಮಂದಿಯ ಫೋನುಗಳು, ಎಲ್ಲರ ಇ-ಮೇಲು, ಭಾವನವರ ಹೆಂಡತಿ ನನ್ನ ನೆಗೆಣ್ಣಿಯ ಸೀರೆ ಕೊಳ್ಳುವ ಆ್ಯಪು, ಎಲ್ಲವೂ ಆ ಒಂದೇ ಮಾತಿಗೆ ತೆರೆದುಕೊಳ್ಳುತ್ತಿದ್ದವು. ನನ್ನ ಖಾತೆಯೂ ಅದಕ್ಕೇ. ಒಂದು ವರ್ಷ ನಾನು ಪೇಡೆಯನ್ನು ಕೈಯಲ್ಲಿ ಹಿಡಿದುಕೊಂಡೇ, "ಭಾವನವರ, ಇದನ್ನ ಹಿಂಗ ಎಲ್ಲಾರ ಮುಂದ ಹೇಳಬಾರದ್ರಿ," ಎಂದು ಮೆಲ್ಲಗೆ ಹೇಳಿದ್ದುಂಟು. "ಹನುಮಪ್ಪನ ಹೆಸರ ಐತವಾ. ಕಳ್ಳ ಮುಟ್ಟತಾನೇನ?" ಎಂದು ಅವರು ನಕ್ಕರು. ನಾನು ಸುಮ್ಮನಾದೆ. ಹಾಗೆ ಸುಮ್ಮನಾದದ್ದಕ್ಕೆ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ನನ್ನ ಖಾತೆಯಲ್ಲಿ ಏನಿತ್ತೆಂಬುದನ್ನು ಹೇಳಬೇಕು. ನಾನು ಇಪ್ಪತ್ತೆರಡು ವರ್ಷ ರಾಣೇಬೆನ್ನೂರಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. ದಿನವೂ ಮುಂಜಾನೆಯ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಸಂಜೆ ಮರಳುತ್ತಿದ್ದೆ. ಕನ್ನಡ ಮಾಧ್ಯಮದ ವಿಭಾಗವನ್ನು ಮುಚ್ಚಿದಾಗ ಮನೆಗೆ ಬಂದು ಕುಳಿತೆ. ಕುಳಿತವಳನ್ನು ಎಬ್ಬಿಸಿದ್ದು ನಮ್ಮದೇ ಶೆಡ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಒಬ್ಬ ಹೆಂಗಸು. ವಯಸ್ಸು ಮೂವತ್ತೊಂದು; ಓದು ಒಂಬತ್ತನೆಯ ತರಗತಿಗೆ ನಿಂತಿತ್ತು. ಅಂಗನವಾಡಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಲು ಹತ್ತನೆಯ ತರಗತಿ ಪಾಸಾಗಿರಬೇಕೆಂದು ಯಾರೋ ಅವಳಿಗೆ ಹೇಳಿದ್ದರು.

"ಅಕ್ಕೋರ, ನಾ ಹತ್ತನೇತ್ತ ಪರೀಕ್ಷಾ ಕಟ್ಟಬೇಕ್ರಿ," ಎಂದಳು.

"ಕಟ್ಟು. ಪುಸ್ತಕ ನಾನ ಕೊಡತೇನಿ."

"ಪುಸ್ತಕ ಹಿಡಿಯೂದ ಹೆಂಗ್ರಿ? ಕೈ ನೋಡ್ರಿ."

ಅವಳು ಕೈ ಚಾಚಿದಳು. ಬೆರಳುಗಳ ಸಂದಿಯಲ್ಲಿ ಕೆಂಪು ಕೂತಿತ್ತು. ಮೆಣಸಿನಕಾಯಿಯ ಘಾಟು ಎಷ್ಟು ತೊಳೆದರೂ ಬಿಡದು. ಆ ಬೆರಳಿನಿಂದ ಪುಟ ತಿರುವಿ, ಮರೆತು ಕಣ್ಣೊರೆಸಿಕೊಂಡರೆ ಆ ದಿನದ ಓದು ಅಲ್ಲಿಗೇ ಮುಗಿಯಿತು. ಓದಲಾಗದಿದ್ದರೆ ಕೇಳಬಹುದಲ್ಲ ಎಂದು ನನಗೆ ಹೊಳೆದದ್ದು ಆಗ. ಪಾಠಗಳನ್ನು ಒಂದೊಂದಾಗಿ ನನ್ನ ದನಿಯಲ್ಲಿ ಮುದ್ರಿಸಿ ವಿಡಿಯೊ ಚಾನೆಲ್ಲಿಗೆ ಹಾಕತೊಡಗಿದೆ. ಶೆಡ್ಡಿನಲ್ಲಿ ಅವಳು ಫೋನನ್ನು ಖಾಲಿ ಸ್ಟೀಲ್ ಬಕೀಟಿನೊಳಗೆ ನಿಲ್ಲಿಸಿ ಪಾಠ ಹಚ್ಚುತ್ತಿದ್ದಳು. ಬಕೀಟಿನಿಂದ ದನಿ ಗಟ್ಟಿಯಾಗಿ ಬರುತ್ತಿತ್ತು. ಸುತ್ತಲಿನ ನಲವತ್ತು ಹೆಂಗಸರೂ ಕೆಲಸ ಮಾಡುತ್ತಲೇ ಕೇಳುತ್ತಿದ್ದರು. ಕುಪ್ಪೇಲೂರು ಎಂಬ ಹಳ್ಳಿಯಿಂದ ಕೂಡ ಇಬ್ಬರು ಹೆಂಗಸರು ಕೇಳುತ್ತಾರೆಂದು ಆಮೇಲೆ ತಿಳಿಯಿತು. ಹೀಗೆ ಇನ್ನೂರ ಹನ್ನೆರಡು ಪಾಠಗಳಾದವು. ಫೋನಿನಲ್ಲಿ ಜಾಗ ಸಾಲದೆಂದು ಪ್ರತಿಯೊಂದನ್ನೂ ಏರಿಸಿದ ಕೂಡಲೇ ಇತ್ತ ಅಳಿಸಿಬಿಡುತ್ತಿದ್ದೆ. ಆದ್ದರಿಂದ ಅವು ಇದ್ದದ್ದು ಆ ಖಾತೆಯಲ್ಲಿ ಮಾತ್ರ. ಅದರ ಬಾಗಿಲಿಗೆ ಇದ್ದದ್ದು ಪಾಡ್ಯದ ಪಾಸ್‌ವರ್ಡು.

ಅವಳ ಪರೀಕ್ಷೆಗೆ ಒಂಬತ್ತು ವಾರಗಳಿರುವಾಗ, ಒಂದು ಸೋಮವಾರ ಮುಂಜಾನೆ, ಅವಳೇ ನಮ್ಮ ಮನೆಯ ಕಟ್ಟೆಗೆ ಬಂದು ನಿಂತಳು.

"ಅಕ್ಕೋರ, ಪಾಠ ಹಚ್ಚಿದ್ರ ಯಾವನೋ ಗಂಡಸ ಇಂಗ್ಲೀಷಿನ್ಯಾಗ ಒದರಾಕತ್ಯಾನ್ರಿ. ಚಕ್ರಾ ತಿರಗತೈತಿ, ದುಡ್ಡ ಸುರೀತೈತಿ."

ಜೊತೆಗೆ ಬಂದವಳು ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಅಕ್ಕೋರ ಜೂಜ ಕಲಸಾಕತ್ತಾರ ಅಂತ ಹಮಾಲರೆಲ್ಲಾ ನಗಾಕತ್ತಾರ್ರಿ," ಎಂದಳು.

ಚಾನೆಲ್ಲಿನ ಹೆಸರು ಬದಲಾಗಿತ್ತು. ನನ್ನ ಒಂದು ಪಾಠವೂ ಕಾಣಲಿಲ್ಲ. ಖಾತೆಯನ್ನು ತೆರೆಯಹೋದರೆ ಪಾಸ್‌ವರ್ಡು ತಪ್ಪೆಂದಿತು. ಮೂರು ಸಲ ಹೊಡೆದೆ. ಮೂರು ಸಲವೂ ತಪ್ಪು. ಅಲ್ಲೇ ಕಟ್ಟೆಯ ಮೇಲೆ ಕೂತೆ. ಎದುರಿಗೆ ನಿಂತವಳು ಕೇಳಿದ್ದು ಒಂದೇ ಮಾತು: "ಮತ್ತ ನನ್ನ ಪರೀಕ್ಷಾ ಹೆಂಗ್ರಿ?"

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಾಣೇಬೆನ್ನೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳಿಗೆ ಫೋನು ಮಾಡಿದೆ. "ಇವತ್ತ ಹಾವೇರಿಗೆ ಹೋಗಿ ಸೈಬರ್ ಠಾಣೇದಾಗ ದೂರ ಕೊಡ್ರಿ ಟೀಚರ್. ನಾ ನಾಳೆ ಮುಂಜಾನಿ ಬರತೇನಿ. ಕಂಪ್ಯೂಟರ್ ಬದಲಿ ಮಾಡಬ್ಯಾಡ್ರಿ, ನಂಬರ ಬದಲಿ ಮಾಡಬ್ಯಾಡ್ರಿ," ಎಂದಳು. ಮಧ್ಯಾಹ್ನದ ಬಸ್ಸಿಗೆ ಹಾವೇರಿಗೆ ಹೋದೆ.

ಠಾಣೆಯ ಅಧಿಕಾರಿ ಸಮಾಧಾನದ ಮನುಷ್ಯರು. ಎಲ್ಲ ಕೇಳಿ, "ಪಾಸ್‌ವರ್ಡ್ ಯಾರ್‍ಯಾರಿಗೆ ಗೊತ್ತಿತ್ರಿ ಮೇಡಂ?" ಎಂದರು. ಕಾಗದ ಕೇಳಿ ಪಡೆದೆ. ಕ್ರಮಸಂಖ್ಯೆ, ಸಂಬಂಧ, ತಿಳಿದ ಬಗೆ ಎಂದು ಮೂರು ಅಂಕಣಗಳ ಗೆರೆ ಎಳೆದು ಬರೆಯತೊಡಗಿದೆ. ಒಂದು ಹಾಳೆ ತುಂಬಿತು, ಎರಡನೆಯದು ಬೇಕಾಯಿತು. ಎಪ್ಪತ್ತೊಂದರವರೆಗೆ ಬರೆದು, ಕೊನೆಯಲ್ಲಿ 'ಪ್ರಸಾದಕ್ಕೆ ನಿಂತಿದ್ದ ಇತರರು' ಎಂದು ಸೇರಿಸಿ ಕೊಟ್ಟೆ. ಅಧಿಕಾರಿ ಎರಡೂ ಹಾಳೆಗಳನ್ನು ಓದಿದರು.

"ಮೇಡಂ, ಇದ ಪಾಸ್‌ವರ್ಡಿನ ಪಟ್ಟಿ ಏನ್ರಿ, ಲಗ್ನದ ಪಟ್ಟಿ ಏನ್ರಿ?"

ಪಕ್ಕದಲ್ಲಿದ್ದ ಪೇದೆ ಕತ್ತು ಚಾಚಿ ನೋಡಿ, "ನಮ್ಮನ್ನ ಅಷ್ಟ ಬಿಟ್ಟಾರ ನೋಡ್ರಿ ಸರ್," ಎಂದ.

ನಗುವ ಹಕ್ಕು ಅವರಿಗಿತ್ತು. ನಕ್ಕ ಮೇಲೆ ದೂರನ್ನು ಅಚ್ಚುಕಟ್ಟಾಗಿ ಬರೆದುಕೊಂಡರು. "ಕಳ್ಳನ್ನ ಹುಡಕೂದ ನಮ್ಮ ಕೆಲಸ. ಖಾತೆ ಲಗೂನ ವಾಪಸ್ ತಗೊಳ್ಳೂದ ನಿಮ್ಮ ಕೆಲಸ," ಎಂದು ಬಾಗಿಲವರೆಗೆ ಬಂದು ಹೇಳಿದರು.

ಮರುದಿನ ಮುಂಜಾನೆಯ ರೈಲಿಗೆ ನನ್ನ ವಿದ್ಯಾರ್ಥಿನಿ ಇಳಿದಳು. ನಡೆದದ್ದನ್ನು ಕೇಳುತ್ತ ಅಂಗಡಿಯವರೆಗೂ ಬಂದವಳು ಹೊಸ್ತಿಲಲ್ಲಿ ನಿಂತು, "ಹೋಂವರ್ಕ್ ತರಲಿಲ್ಲ ಅಂದ್ರ ನಮ್ಮನ್ನ ಬೆಂಚಿನ ಮ್ಯಾಲ ನಿಲ್ಲಸ್ತಿದ್ರಿ ಟೀಚರ್. ಈಗ ಬೆಂಚ ಎಲ್ಲೈತಿ ತೋರಸ್ರಿ," ಎಂದಳು. ಮೂವತ್ತೆಂಟು ವರ್ಷದವಳು, ಆ ಒಂದು ಮಾತಿಗಾಗಿ ಅಷ್ಟು ವರ್ಷ ಕಾದಿರಬೇಕು. ನಾನು ಅಂಗಡಿಯಲ್ಲಿದ್ದ ಬೆಂಚನ್ನು ತೋರಿಸಿದೆ. ಇಬ್ಬರೂ ಅದರ ಮೇಲೆ ಕೂತೆವು.

ನಾನು ಪಾಠಗಳನ್ನು ಏರಿಸುತ್ತಿದ್ದದ್ದು ಅಂಗಡಿಯ ಕಂಪ್ಯೂಟರಿನಿಂದ. ಖಾತೆಯನ್ನು ಮರಳಿ ಕೇಳುವುದಾದರೂ ಅಲ್ಲಿಂದಲೇ ಕೇಳಬೇಕು, ಪರಿಚಿತ ಯಂತ್ರದ ಮಾತನ್ನು ಬೇಗ ನಂಬುತ್ತಾರೆ ಎಂದು ಅವಳು ವಿವರಿಸಿದಳು. ಮೊದಲು ಆ ಕಂಪ್ಯೂಟರಿನಲ್ಲಿ ಹಿಂದಿನ ದಿನಗಳಲ್ಲಿ ಯಾವ ಪುಟಗಳು ತೆರೆದಿದ್ದವೆಂದು ನೋಡುತ್ತ ಹೋದವಳು ಒಂದು ಕಡೆ ಬೆರಳು ನಿಲ್ಲಿಸಿದಳು. ನಮ್ಮ ಚಾನೆಲ್ಲಿನ ಕಂಪನಿಯದೇ ಪುಟವೆಂಬಂತೆ ವೇಷ ಹಾಕಿದ ಕಳ್ಳ ಪುಟ.

"ಶನಿವಾರ ಸಂಜೀಕ ಇದರಾಗ ಪಾಸ್‌ವರ್ಡ್ ಯಾರ ಬರದಾರ್ರಿ?"

"ನಾನ ಬರದೇನಿ," ಎಂದರು ಭಾವನವರು, ಗಾದಿಯಿಂದಲೇ, ಸ್ವಲ್ಪ ಹೆಮ್ಮೆಯಿಂದಲೇ. "ಇಪ್ಪತ್ನಾಲ್ಕ ತಾಸಿನ್ಯಾಗ ನಿನ್ನ ಚಾನೆಲ್ ಬಂದ್ ಮಾಡತೇವಿ ಅಂತ ನಿನ್ನ ಇ-ಮೇಲಿಗೆ ಕಾಗದ ಬಂದಿತ್ತವಾ. ನೀ ಕದರಮಂಡಲಗಿಗೆ ಹೋಗಿದ್ದಿ. ಮನಿ ಹೆಣ್ಣಮಗಳ ಕೆಲಸ ನಿಲ್ಲಬಾರ್ದು ಅಂತ ನಾನ ಎಲ್ಲಾ ತುಂಬಿ ಕಳಿಸಿದೆ."

ನನ್ನ ಗಂಡ ಮೆಣಸಿನಕಾಯಿಯ ಮಾದರಿ ತಟ್ಟೆಯನ್ನು ನೋಡುತ್ತ ಕೂತರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಮನುಷ್ಯರು ಮಾಡಿದ್ದು ಉಪಕಾರ. ಕಳ್ಳ ಬಾಗಿಲು ಒಡೆದಿರಲಿಲ್ಲ, ಗೋಡೆ ಹಾರಿರಲಿಲ್ಲ. ಸುಮ್ಮನೆ ಬಂದು ಕದ ತಟ್ಟಿದ್ದ. ಒಳಗಿದ್ದ ಒಳ್ಳೆಯವರು ಎದ್ದು ಕದ ತೆಗೆದು, ಬರ್ರಿ ಕುಂದ್ರಿ ಎಂದಿದ್ದರು. ಅವರ ಕೈಯಲ್ಲಿ ಕೀಲಿಕೈ ಇದ್ದದ್ದಾದರೂ ಏಕೆ? ನಾನು ಕೊಟ್ಟಿದ್ದರಿಂದ. ಪರೀಕ್ಷೆಯಲ್ಲಿ ಪಕ್ಕದವರಿಗೆ ಹಾಳೆ ತೋರಿಸಿದ ಮಕ್ಕಳಿಗೂ ಸೊನ್ನೆ ಹಾಕಿದವಳು ನಾನು. ತೋರಿಸಿದವರದೂ ತಪ್ಪು ಎಂದು ವಾದಿಸಿದ್ದೆ. ಆ ಸೊನ್ನೆಯನ್ನು ಅಂದು ನನ್ನ ಹೆಸರಿನ ಮುಂದೆ ಬರೆದುಕೊಂಡೆ.

ಖಾತೆಯಲ್ಲಿದ್ದ ನನ್ನ ಫೋನ್ ನಂಬರನ್ನು ಕಳ್ಳ ಬದಲಿಸಿದ್ದ. ಆದರೆ ಹಳೆಯ ನಂಬರಿಗೂ ಕೆಲವು ದಿನ ಒಂದು ದಾರಿ ಉಳಿದಿರುತ್ತದಂತೆ. ಆ ದಾರಿಯಿಂದ ಅರ್ಜಿ ಹಾಕಿದೆವು. ನನ್ನ ಫೋನಿಗೆ ಆರು ಅಂಕಿಗಳು ಬಂದವು. "ಎಷ್ಟ ಬಂತವಾ?" ಎಂದು ಭಾವನವರು ಕೇಳುವಷ್ಟರಲ್ಲಿ ನಾನು ಪರದೆಯ ಮೇಲೆ ಅಂಗೈ ಮುಚ್ಚಿದ್ದೆ. ಖಾತೆ ತೆರೆಯಿತು. ಇನ್ನೂರ ಹನ್ನೆರಡರಲ್ಲಿ ಮೂವತ್ತೆಂಟು ಪಾಠಗಳನ್ನು ಅವನು ಅಳಿಸಿಹಾಕಿದ್ದ. ಅವು ಮತ್ತೆ ಬರುವಂತಿರಲಿಲ್ಲ. ಉಳಿದವನ್ನು ಮರೆಮಾಡಿದ್ದನಷ್ಟೆ. ಅವು ಒಂದೊಂದಾಗಿ ಕಾಣಿಸಿಕೊಳ್ಳುವುದನ್ನು ನಾನು ಹಾಜರಿ ಕೂಗುವವಳಂತೆ ಎಣಿಸಿದೆ.

"ಈಗ ಹೊಸಾದ ಇಡ್ರಿ ಟೀಚರ್," ಎಂದಳು ವಿದ್ಯಾರ್ಥಿನಿ. "ನಾಕು ಮಾತ ಹಿಡೀರಿ. ಒಂದಕ್ಕೊಂದ ಸಂಬಂಧ ಇರಬಾರದು. ದೇವರ ಹೆಸರು, ಮಕ್ಕಳ ಹೆಸರು, ಇಸವಿ, ಏನೂ ಬ್ಯಾಡ. ಇಲ್ಲಿ ಇಟ್ಟದ್ದನ್ನ ಬ್ಯಾರೆ ಎಲ್ಲೂ ಇಡಬ್ಯಾಡ್ರಿ. ಮ್ಯಾಲ ನಿಮ್ಮ ಫೋನಿಗೆ ನಂಬರ ಬಂದ ಹೊರತು ಒಳಗ ಬಿಡದಂಗ ಇನ್ನೊಂದ ಕೀಲಿ ಹಾಕೂಣು. ನೀವ ಹೊಡೀರಿ, ನಾ ಆ ಕಡೆ ನೋಡತೇನಿ." ಹೀಗೆಂದು ಗೋಡೆಯ ಕ್ಯಾಲೆಂಡರಿನತ್ತ ತಿರುಗಿ ಕೂತಳು.

ಮೂವತ್ತು ವರ್ಷದ ಸಂಸಾರದಲ್ಲಿ ಒಬ್ಬರು ನನ್ನಿಂದ ಮುಖ ತಿರುಗಿಸಿ ಗೌರವ ತೋರಿಸಿದ್ದು ಅದೇ ಮೊದಲು. ನಾಲ್ಕು ಮಾತುಗಳನ್ನು ಆರಿಸಿದೆ. ಆ ನಾಲ್ಕನ್ನೂ ಒಟ್ಟಿಗೆ ತಿಳಿದವರು ನನ್ನ ಹೊರತು ಈ ಭೂಮಿಯ ಮೇಲೆ ಯಾರೂ ಇಲ್ಲ. ಎರಡು ಸಲ ಹೊಡೆದೆ, ಒಪ್ಪಿತು.

ಭಾವನವರು ಆಗಲೇ ಪೆನ್ನಿನ ಟೋಪಿ ತೆಗೆದು ಕೂತಿದ್ದರು. "ಹ್ಞಾಂ, ಹೇಳವಾ. ಬರಕೋತೇನಿ."

"ಬರಿಯೂದ ಬ್ಯಾಡ್ರಿ ಭಾವನವರ. ಇದು ನನ್ನ ಹತ್ರ ಇರಲಿ."

"ನಿನ್ನ ಹತ್ರ ಅಂದ್ರ?"

"ನನ್ನೊಬ್ಬಾಕಿ ಹತ್ರ."

ಅವರ ಪೆನ್ನು ಕಾಗದದ ಮೇಲೆ ಹಾಗೆಯೇ ನಿಂತಿತು. "ಅಂದ್ರ ಈ ಮನ್ಯಾಗ ಯಾರ ಮ್ಯಾಲೂ ನಿನಗ ನಂಬಿಕಿ ಇಲ್ಲನ?"

"ನಂಬಿಕಿ ಐತ್ರಿ. ನಂಬಿಕಿ ಬ್ಯಾರೆ, ಕೀಲಿ ಬ್ಯಾರೆ. ಕದರಮಂಡಲಗಿ ಗುಡೀಗೂ ಪೂಜಾರಿ ಕೀಲಿ ಹಾಕ್ಕೊಂಡ ಹೋಗತಾನಲ್ರಿ? ಅಂವಗ ಹನುಮಪ್ಪನ ಮ್ಯಾಲ ನಂಬಿಕಿ ಇಲ್ಲಂತೇನ್ರಿ?"

ದಿವಾನಜಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಭಾವನವರು ಪೆನ್ನಿಗೆ ಟೋಪಿ ಹಾಕಿದರು.

ಆಮೇಲಿನ ಮೂರು ವಾರ ಅವರು ನನ್ನೊಡನೆ ಮಾತಾಡಲಿಲ್ಲ. ನಾನು ಇಟ್ಟ ಚಹಾ ಆರುತ್ತಿತ್ತು. ನೆಗೆಣ್ಣಿ ಇಟ್ಟದ್ದನ್ನು ಕುಡಿಯುತ್ತಿದ್ದರು. ಹೊರಗಿನ ಕಳ್ಳನಿಗಿಂತ ಇದು ಗಟ್ಟಿಯಾದ ಪರೀಕ್ಷೆಯೆಂದು ಒಪ್ಪಿಕೊಳ್ಳುತ್ತೇನೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ನೆಗೆಣ್ಣಿ ತಲೆ ಎತ್ತದೆ ಕೇಳಿದಳು: "ಒಲಿ ಯಾವಾಗ ಬ್ಯಾರೆ ಹೂಡಾಕಿ?"

"ಒಲಿ ಒಂದ ಇರಲಿ ಅಕ್ಕಾ. ನಾಲ್ಕ ಮಾತ ನಂದ ಇರಲಿ."

"ಅಂಥಾದ್ದೇನ ಐತಿ ಅದರಾಗ, ಬಂಗಾರನ?"

"ಇನ್ನೂರ ಪಾಠ ಅದಾವು. ಬಂಗಾರ ಆಗಿದ್ರ ಹೇಳಿಬಿಡತಿದ್ದೆ."

ಗಂಡನದು ಬೇರೆ ದಾರಿ. ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು, "ಅಣ್ಣ ಬಾಳ ನೊಂದಾನ. ನನಗರ ಹೇಳು, ನಾ ಅವಗ ಹೇಳತೇನಿ," ಎಂದರು. ನಾನು ನಕ್ಕೆ. ಅವರು ಬಿಡಲಿಲ್ಲ. "ನಾಳೆ ನೀ ಸತ್ರ ತಗಿಯೂದ ಹೆಂಗ?"

"ಸತ್ತಮ್ಯಾಲ ನಾ ಪಾಠ ಹೇಳಾಕ ಬರೂದಿಲ್ರಿ. ಹೇಳಿದ್ದು ಅಲ್ಲೇ ಇರತೈತಿ."

ಆದರೂ ಪ್ರಶ್ನೆ ನ್ಯಾಯವಾಗಿತ್ತು. ನ್ಯಾಯವಾದ ಪ್ರಶ್ನೆಗೆ ಉತ್ತರ ಬರೆಯದೆ ನನಗೆ ನಿದ್ದೆ ಬಾರದು. ನಾಲ್ಕು ಮಾತುಗಳನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿಟ್ಟು, ಅಂಟಿಸಿದ ಅಂಚಿನ ಮೇಲೆ ಅಡ್ಡ ಸಹಿ ಹಾಕಿ, ಹಾವೇರಿಯಲ್ಲಿರುವ ನನ್ನ ತಂಗಿಯ ಕಪಾಟಿನಲ್ಲಿ ಇಟ್ಟು ಬಂದೆ. ನಾನು ತೀರಿಕೊಂಡ ಮೇಲೆ ಒಡೆಯಬಹುದು. ಅದಕ್ಕೆ ಮೊದಲು ಒಡೆದರೆ ಸಹಿಯೇ ಸಾಕ್ಷಿ ಹೇಳುತ್ತದೆ. ಗಂಡನಿಗೆ ಇಷ್ಟನ್ನೂ ತಿಳಿಸಿದೆ. ಲಕೋಟೆ ನಮ್ಮ ಮನೆಯಲ್ಲಿಲ್ಲ ಎಂಬುದು ಅವರಿಗೆ ಸಿಟ್ಟು ತರಿಸಿತೋ ಸಮಾಧಾನ ತಂದಿತೋ, ಅವರ ಮುಖದಿಂದ ತಿಳಿಯಲಿಲ್ಲ.

ಕಳೆದುಹೋದ ಮೂವತ್ತೆಂಟು ಪಾಠಗಳನ್ನು ಮತ್ತೆ ಹೇಳಲು ಕೂತೆ. ದಿನಕ್ಕೆರಡರಂತೆ, ಮಧ್ಯಾಹ್ನ ಮನೆ ಮಲಗಿದ ಹೊತ್ತಿನಲ್ಲಿ. ಗಂಟಲು ಕೆಟ್ಟಿತು, ನಿಲ್ಲಿಸಲಿಲ್ಲ. "ಇಷ್ಟ ತ್ರಾಸ ಯಾಕ, ಬಿಟ್ಟಬಿಡಬಾರ್ದ?" ಎಂದವರು ಹಲವರಿದ್ದರು. ಹೆಂಗಸರಿಗೆ ಈ ಆನ್‌ಲೈನಿನ ಉಸಾಬರಿ ಬೇಡವೆಂದವರೂ ಇದ್ದರು. ಅವರಿಗೆಲ್ಲ ನನ್ನ ಉತ್ತರ ಒಂದೇ ಆಗಿತ್ತು: ಕಳ್ಳನೊಬ್ಬ ಬಂದನೆಂದು ಊರು ಬಿಡುವವಳು ನಾನಲ್ಲ, ಬಾಗಿಲು ಬದಲಿಸುತ್ತೇನೆ.

ಮೂವತ್ತೆಂಟನೆಯದನ್ನು ಏರಿಸಿದ ಮರುದಿನ ಶೆಡ್ಡಿಗೆ ಹೋದೆ. ಪರೀಕ್ಷೆಗೆ ಇನ್ನೂ ಐದು ವಾರಗಳಿದ್ದವು. ಪರೀಕ್ಷೆ ಕಟ್ಟಿದ ಹೆಂಗಸು ತೊಟ್ಟು ಬಿಡಿಸುತ್ತಲೇ ನನ್ನನ್ನು ಹತ್ತಿರ ಕರೆದಳು.

"ಅಕ್ಕೋರ, ನನ್ನ ಫೋನಿಗೂ, ಇ-ಮೇಲಿಗೂ ಅದ ಐತ್ರಿ."

"ಯಾವದ?"

"ಹನುಮಪ್ಪಂದು. ಯಜಮಾನ್ರ ಪಾಡ್ಯಾದಾಗ ಹೇಳತಾರಲ್ರಿ, ನಾವೂ ಅದ ಇಡತೇವ್ರಿ."

"ನಾವು ಅಂದ್ರ?"

ಅವಳು ಸುತ್ತ ನೋಡಿದಳು. ಒಬ್ಬೊಬ್ಬರಾಗಿ ಹೌದೆಂದು ತಲೆಯಾಡಿಸಿದರು. ನಲವತ್ತು ಹೆಂಗಸರು, ಒಂದೇ ಪಾಸ್‌ವರ್ಡು. ಒಬ್ಬಳಂತೂ ಇನ್ನೂ ಹೋದ ವರ್ಷದ್ದರಲ್ಲೇ ಇದ್ದಾಳೆಂದೂ, ಹೊಸದನ್ನು ಹೇಳುವ ದಿನ ಜ್ವರ ಬಂದು ಮಲಗಿದ್ದಳೆಂದೂ ತಿಳಿದು ಎಲ್ಲರೂ ನಕ್ಕರು.

ಅಂದಿನ ಪಾಠವನ್ನು ನಾನು ಮುದ್ರಿಸಲಿಲ್ಲ. ಬಕೀಟನ್ನು ಬೋರಲು ಹಾಕಿ ಅದರ ಮೇಲೆ ಕೂತು, ನನ್ನ ವಿದ್ಯಾರ್ಥಿನಿ ನನಗೆ ಕಲಿಸಿದ್ದನ್ನು ಅವರಿಗೆ ಕಲಿಸಿದೆ. ನಾಲ್ಕು ಮಾತು, ಸಂಬಂಧವಿಲ್ಲದವು, ದೇವರನ್ನು ದೇವರ ಪಾಡಿಗೆ ಬಿಡುವುದು, ಒಂದು ಕಡೆ ಇಟ್ಟದ್ದನ್ನು ಇನ್ನೊಂದು ಕಡೆ ಇಡದಿರುವುದು, ಭಯ ಹುಟ್ಟಿಸಿ ಅವಸರ ಮಾಡುವ ಕಾಗದಕ್ಕೆ ಉತ್ತರ ಕೊಡದಿರುವುದು, ಗಂಡ ಕೇಳಲಿ, ಅತ್ತೆ ಕೇಳಲಿ, ನಾನೇ ಕೇಳಲಿ, ಹೇಳದಿರುವುದು. ಆಮೇಲೆ, "ಈಗ ಆರಿಸ್ಕೋರಿ. ಯಾರೂ ಬಾಯಿ ಬಿಡಬಾರದು," ಎಂದೆ. ಇಪ್ಪತ್ತೆರಡು ವರ್ಷ ತರಗತಿಯಲ್ಲಿ ನಾನು ಬೇಡಿದ್ದು ಇದರ ತೀರ ವಿರುದ್ಧವಾದದ್ದನ್ನು.

ನಲವತ್ತು ಜೊತೆ ಕೈಗಳು ನಿಂತವು. ಆ ಶೆಡ್ಡು ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಕೆಲವರು ಕಣ್ಣು ಮುಚ್ಚಿದ್ದರು. ಒಬ್ಬಳು ತಗಡಿನ ಸೂರನ್ನು ನೋಡುತ್ತ ತುಟಿಯಲ್ಲೇ ನಗುತ್ತಿದ್ದಳು. ಯಾವ ಹಳೆಯ ಮಾತು ಸಿಕ್ಕಿತ್ತೋ.

ಸದ್ದು ನಿಂತದ್ದು ಅಂಗಡಿಯವರೆಗೂ ತಿಳಿದಿರಬೇಕು. ಭಾವನವರು ಬಾಗಿಲಲ್ಲಿ ಬಂದು ನಿಂತರು.

"ಯಾಕ, ಏನಾತು? ಕೈ ಯಾಕ ನಿಂತಾವು?"

ಪರೀಕ್ಷೆ ಕಟ್ಟಿದವಳೇ, ಕೂತಲ್ಲಿಂದಲೇ, "ವಿಚಾರ ಮಾಡಾಕತ್ತೇವ್ರಿ ಯಜಮಾನ್ರ," ಎಂದಳು.

"ಏನ ವಿಚಾರ?"

ಅವಳು ನನ್ನ ಕಡೆ ನೋಡಲಿಲ್ಲ. ನನ್ನ ಅಪ್ಪಣೆ ಅವಳಿಗೆ ಬೇಕಿರಲಿಲ್ಲ. ಬುಟ್ಟಿಯಿಂದ ಒಂದು ಕಾಯಿ ಎತ್ತಿ, ತೊಟ್ಟು ಮುರಿದು, ರಾಶಿಗೆ ಎಸೆದಳು.

"ಹೇಳಂಗಿಲ್ರಿ."